ಓಡದ ರೇಖೆ, ಕಾಣದ ಗೆರೆ: ಪೈಥಾನ್ ಗ್ರಾಫಿನ ತೊಡಕು ಬಿಡಿಸುವ ಬಗೆ

ಮೈಸೂರು: ಮುಂಗಾರು ಬಂತೆಂದರೆ ಈ ಭಾಗದ ಪತ್ರಿಕಾ ಓದುಗರ ಕಣ್ಣು ಮೊದಲು ಹಾಯುವುದು ಕೃಷ್ಣರಾಜಸಾಗರದ ನೀರಿನ ಮಟ್ಟದ ಕಡೆಗೆ. ಗರಿಷ್ಠ ಮಟ್ಟ 124.80 ಅಡಿ, ಇಂದಿನ ಮಟ್ಟವೆಷ್ಟು, ಒಳಹರಿವೆಷ್ಟು, ಹೊರಹರಿವೆಷ್ಟು? ನಾಲೆಯ ನೀರನ್ನು ನಂಬಿದ ರೈತನಿಗೂ ನಲ್ಲಿಯ ನೀರಿಗೆ ಕಾಯುವ ನಗರವಾಸಿಗೂ ಈ ಅಂಕಿಗಳು ಬೇಕು. 2023ರಲ್ಲಿ ಮಳೆ ಕೈಕೊಟ್ಟು ಜಲಾಶಯ ತುಂಬಲಿಲ್ಲ. 2024ರ ಜುಲೈನಲ್ಲಿ ಭರ್ತಿಯಾಯಿತು. ಇಂತಹ ಎರಡು ವರ್ಷಗಳ ಅಂತರವನ್ನು ದಿನದಿನಕ್ಕೂ ಏರಿಳಿಯುವ ರೇಖೆಯೊಂದು ಕ್ಷಣದಲ್ಲಿ ಮನಗಾಣಿಸಬಲ್ಲದು.

ಚಲಿಸುವ ಗ್ರಾಫ್ ರಚಿಸಲು ವಿದ್ಯಾರ್ಥಿಗಳು, ಸಂಶೋಧಕರು ಹೆಚ್ಚಾಗಿ ಅವಲಂಬಿಸುವುದು ಪೈಥಾನ್ ಭಾಷೆಯ ಮ್ಯಾಟ್‌ಪ್ಲಾಟ್‌ಲಿಬ್ ಎಂಬ ಉಚಿತ ತಂತ್ರಾಂಶವನ್ನು. ಅಮೆರಿಕದ ನರವಿಜ್ಞಾನಿ ಜಾನ್ ಹಂಟರ್ ಅಪಸ್ಮಾರ ರೋಗಿಗಳ ಮಿದುಳಿನ ವಿದ್ಯುತ್ ಸಂಕೇತಗಳ ಅಧ್ಯಯನಕ್ಕೆಂದು ರೂಪಿಸಿದ ಈ ತಂತ್ರಾಂಶ 2003ರಲ್ಲಿ ಸಾರ್ವಜನಿಕರ ಕೈ ಸೇರಿತು. ಹಂಟರ್ 2012ರಲ್ಲಿ ನಿಧನರಾದರು. ಅವರ ಬಳಿಕವೂ ಆಸಕ್ತರ ತಂಡ ಅದನ್ನು ಬೆಳೆಸುತ್ತಿದೆ. ಆದರೆ ಮೊದಲ ಬಾರಿ ಕೈಹಾಕಿದವರಿಗೆ ರೇಖೆ ಓಡುವುದಿಲ್ಲ, ಇಲ್ಲವೇ ಗೆರೆಯೇ ಕಾಣುವುದಿಲ್ಲ. ಕಾರಣಗಳು ಕೆಲವೇ, ಪರಿಹಾರವೂ ಸುಲಭ.

ರೇಖೆ ಏಕೆ ಓಡುವುದಿಲ್ಲ?

ಅನಿಮೇಷನ್ ನಡೆಸುವ ಆದೇಶದ ಹೆಸರು ‘ಫಂಕ್‌ಅನಿಮೇಷನ್’. ಅದು ನೀಡುವ ವಸ್ತುವನ್ನು ಯಾವುದಾದರೂ ಹೆಸರಿನಲ್ಲಿ ಹಿಡಿದಿಡದಿದ್ದರೆ ಪೈಥಾನ್ ಅದನ್ನು ನಿರುಪಯುಕ್ತವೆಂದು ಭಾವಿಸಿ ಸ್ಮೃತಿಯಿಂದ ಅಳಿಸಿಹಾಕುತ್ತದೆ. ಪರದೆಯ ಮೇಲೆ ಸ್ಥಿರಚಿತ್ರವಷ್ಟೇ ಉಳಿಯುತ್ತದೆ. ಹೆಸರೊಂದನ್ನು ಕೊಟ್ಟರೆ ತೊಂದರೆ ತಪ್ಪುತ್ತದೆ.

ಜುಪಿಟರ್ ನೋಟ್‌ಬುಕ್‌ನಲ್ಲಿ ಕೆಲಸ ಮಾಡುವವರಿಗೆ ಇನ್ನೊಂದು ತೊಡಕು. ಅಲ್ಲಿನ ಸಾಮಾನ್ಯ ವ್ಯವಸ್ಥೆ ಚಿತ್ರವನ್ನು ಸ್ಥಿರವಾಗಿಯೇ ತೋರಿಸುತ್ತದೆ. ಅನಿಮೇಷನ್ನನ್ನು ಎಚ್‌ಟಿಎಂಎಲ್ ರೂಪಕ್ಕೆ ಪರಿವರ್ತಿಸಿ ನೋಡಬೇಕು.

ಪ್ರತಿ ಚೌಕಟ್ಟಿನಲ್ಲೂ ಹೊಸದಾಗಿ ಗೆರೆ ಎಳೆಯುವುದು ಮತ್ತೊಂದು ಸಾಮಾನ್ಯ ತಪ್ಪು. ಹಾಗೆ ಮಾಡಿದರೆ 365 ದಿನಕ್ಕೆ 365 ಗೆರೆಗಳು ಒಂದರ ಮೇಲೊಂದು ಕೂಡಿ, ಬಣ್ಣ ಬದಲಾಗಿ, ಗಣಕ ನಿಧಾನವಾಗುತ್ತದೆ. ಗೆರೆಯನ್ನು ಒಮ್ಮೆ ಮಾತ್ರ ಎಳೆದು, ಅದರ ಅಂಕಿಗಳನ್ನಷ್ಟೇ ಬದಲಿಸುವುದು ಸರಿಯಾದ ಕ್ರಮ. ಆಗ ಅಕ್ಷಗಳ ಮಿತಿ ತಾನಾಗಿ ಹಿಗ್ಗುವುದಿಲ್ಲ. ಗೆರೆ ಚೌಕಟ್ಟಿನಾಚೆಗೆ ಹೋಗಬಹುದು. ಜಲಾಶಯದ ಗರಿಷ್ಠ ಮಟ್ಟ ಗೊತ್ತಿರುವುದರಿಂದ ಲಂಬ ಅಕ್ಷವನ್ನು ಮೊದಲೇ 130 ಅಡಿಯವರೆಗೆ ನಿಗದಿಪಡಿಸಿದರೆ ಸಾಕು.

ವೇಗ ಹೆಚ್ಚಿಸಲು ‘ಬ್ಲಿಟ್’ ಸೌಲಭ್ಯ ಬಳಸುವವರು, ಬದಲಾದ ಗೆರೆಗಳನ್ನು ಪಟ್ಟಿಯ ರೂಪದಲ್ಲಿ ಹಿಂದಿರುಗಿಸಬೇಕು. ಅಕ್ಷದ ಹೊರಗಿರುವ ಶೀರ್ಷಿಕೆಯ ದಿನಾಂಕ ಬದಲಾಗದೇ ನಿಂತರೆ ಈ ಸೌಲಭ್ಯವನ್ನು ತೆಗೆದು ನೋಡುವುದು ಲೇಸು.

ಗೆರೆ ಏಕೆ ಕಾಣುವುದಿಲ್ಲ?

ಗೆರೆಗೆ ಕನಿಷ್ಠ ಎರಡು ಬಿಂದುಗಳು ಬೇಕು. ದಿನಕ್ಕೊಂದು ಬಿಂದುವನ್ನು ಪ್ರತ್ಯೇಕವಾಗಿ ಎಳೆದರೆ ಪರದೆ ಖಾಲಿ. ಆರಂಭದಿಂದ ಆ ದಿನದವರೆಗಿನ ಎಲ್ಲ ಅಂಕಿಗಳನ್ನೂ ಒಟ್ಟಿಗೆ ಕೊಡಬೇಕು.

ಅಖಂಡ, ತುಂಡು, ತುಂಡು-ಚುಕ್ಕೆ, ಚುಕ್ಕೆ ಎಂದು ನಾಲ್ಕು ಬಗೆಯ ಗೆರೆಗಳಿವೆ. ಅಳೆದ ಮಟ್ಟಕ್ಕೆ ಅಖಂಡ ಗೆರೆ, ಅಂದಾಜಿಗೆ ತುಂಡುಗೆರೆ ಬಳಸುವುದು ವಾಡಿಕೆ. ಆದರೆ ಎರಡೆರಡು ದಿನಗಳನ್ನು ಬೇರೆ ಬೇರೆ ತುಣುಕಾಗಿ ಎಳೆದರೆ ಪ್ರತಿ ತುಣುಕಿನಲ್ಲೂ ವಿನ್ಯಾಸ ಮೊದಲಿನಿಂದ ಆರಂಭವಾಗಿ, ತುಂಡುಗೆರೆ ಅಖಂಡವಾಗಿ ಕಾಣುತ್ತದೆ. ಅಂದಾಜು ವಾಸ್ತವದ ವೇಷ ತೊಡುತ್ತದೆ. ಬಿತ್ತನೆಗೆ ಕಾದ ರೈತ ಅದನ್ನು ನಂಬಿದರೆ ನಷ್ಟ ಯಾರಿಗೆ? ಅಂದಾಜಿನ ಅಂಕಿಗಳನ್ನೆಲ್ಲ ಒಂದೇ ಗೆರೆಯಾಗಿ ಎಳೆಯುವುದೇ ಇದಕ್ಕೆ ಮದ್ದು. 2017ರ 2.0 ಆವೃತ್ತಿಯಿಂದ ಗೆರೆ ದಪ್ಪವಾದಷ್ಟೂ ತುಂಡುಗಳೂ ನಡುವಿನ ಅಂತರವೂ ಹಿಗ್ಗುತ್ತವೆ ಎಂಬುದೂ ನೆನಪಿರಲಿ.

ಅಂಕಿ ದೊರೆಯದ ದಿನಕ್ಕೆ ಸೊನ್ನೆ ತುಂಬುವುದು ಇನ್ನೂ ಅಪಾಯಕಾರಿ. ಗ್ರಾಫಿನಲ್ಲಿ ಜಲಾಶಯ ಒಂದೇ ದಿನ ಬರಿದಾಗಿ ಮರುದಿನ ತುಂಬುತ್ತದೆ. ಅಲ್ಲಿ ‘ನ್ಯಾನ್’ ಎಂಬ ಖಾಲಿ ಮೌಲ್ಯವನ್ನಿಟ್ಟರೆ ಗೆರೆ ಪ್ರಾಮಾಣಿಕವಾಗಿ ಕಡಿದು ನಿಲ್ಲುತ್ತದೆ.

ಕಡತದಲ್ಲಿ ಅರ್ಧ ವರ್ಷಕ್ಕೂ ಹೆಚ್ಚು ಮಾಯ

ಉಳಿಸಿದ ವಿಡಿಯೋ 100 ಚೌಕಟ್ಟಿಗೇ ನಿಂತುಹೋದರೆ ಗಾಬರಿ ಬೇಡ. ಅಂಕಿಗಳನ್ನು ಒಂದೊಂದಾಗಿ ನೀಡುವ, ಉದ್ದ ಮೊದಲೇ ತಿಳಿಯದ ಮೂಲವಿದ್ದಾಗ ತಂತ್ರಾಂಶದ 2023ಕ್ಕೆ ಮುಂಚಿನ ಆವೃತ್ತಿಗಳು ಅಷ್ಟನ್ನೇ ಉಳಿಸುತ್ತಿದ್ದವು. ಜೂನ್ 1ರಿಂದ ಎಣಿಸಿದರೆ ಸೆಪ್ಟೆಂಬರ್ 8ಕ್ಕೇ ವರ್ಷ ಮುಗಿದಂತೆ! ಚೌಕಟ್ಟುಗಳ ಸಂಖ್ಯೆಯನ್ನು ಸ್ಪಷ್ಟವಾಗಿ ಸೂಚಿಸಬೇಕು. ಎಂಪಿ4 ವಿಡಿಯೋಗೆ ಗಣಕದಲ್ಲಿ ಎಫ್ಎಫ್ಎಂಪೆಗ್ ಇರಬೇಕು. ಜಿಫ್ ಚಿತ್ರಕ್ಕೆ ಪಿಲ್ಲೋ ಸಾಕು.

ಮೊದಲು ಇಡೀ ವರ್ಷದ ಸ್ಥಿರಚಿತ್ರ ಬರೆದು ಅಂಕಿಗಳೊಡನೆ ತಾಳೆ ನೋಡಿ. ಬಳಿಕ ಐದು ಚೌಕಟ್ಟುಗಳನ್ನಷ್ಟೇ ಓಡಿಸಿ. ಎಲ್ಲವೂ ಸರಿಯಿದ್ದರೆ ಪೂರ್ಣ ಅನಿಮೇಷನ್ನಿಗೆ ಕೈಹಾಕಿ. ಯಾವ ಗೆರೆ ಅಳೆದದ್ದು, ಯಾವುದು ಅಂದಾಜು ಎಂಬ ಸೂಚಿಯನ್ನು ಚಿತ್ರದಲ್ಲೇ ಬರೆಯಿರಿ. ಬಣ್ಣ ಗುರುತಿಸಲಾಗದವರಿಗೂ ಕಪ್ಪು-ಬಿಳುಪು ಮುದ್ರಣಕ್ಕೂ ಗೆರೆಯ ಬಗೆಯೊಂದೇ ಆಧಾರ.