ಮುಗಿಸಿದ ಮೇಲೂ ಉಳಿಯುವ ಆಟಗಳು

ವಿಡಿಯೋ ಗೇಮ್‌ಗಳಲ್ಲಿ ಎರಡು ಬಗೆ: ಕೊನೆ ಇರುವವು ಮತ್ತು ಕೊನೆಯೇ ಇಲ್ಲದವು. ನಮ್ಮಲ್ಲಿ ಮೊಬೈಲ್ ಹಿಡಿದು ಆಡುವ ಬಹಳಷ್ಟು ಜನರಿಗೆ ಗೊತ್ತಿರುವುದು ಎರಡನೆಯ ಬಗೆ. ಬಿಜಿಎಂಐ, ಫ್ರೀ ಫೈರ್, ಕ್ಯಾಂಡಿ ಕ್ರಷ್‌ನಂಥವುಗಳಲ್ಲಿ ಒಂದು ಮ್ಯಾಚ್ ಆದ ಮೇಲೆ ಇನ್ನೊಂದು, ಒಂದು ಲೆವೆಲ್ ದಾಟಿದ ಮೇಲೆ ಮತ್ತೊಂದು ಕಾದಿರುತ್ತದೆ. ಆಡುವವರಿಗೆ ಬೇಸರ ಬಂದಾಗಲೇ ಅವಕ್ಕೆ ವಿರಾಮ. ಮೊದಲನೆಯ ಬಗೆಯ ಆಟಕ್ಕೆ ಕಾದಂಬರಿಗಿರುವಂತೆ ಆದಿ, ಮಧ್ಯ, ಅಂತ್ಯಗಳಿರುತ್ತವೆ. ಐದೋ ಹತ್ತೋ ಇಪ್ಪತ್ತೋ ಗಂಟೆ ಆಡಿದರೆ ಅದು ಮುಗಿಯುತ್ತದೆ. ಇಡಿಯಾಗಿ ತೂಗಿ ನೋಡಿ ಇದು ಹೀಗಿದೆ ಎಂದು ತೀರ್ಮಾನ ಹೇಳಲು ಒಗ್ಗುವುದು ಇಂಥ ಆಟಗಳೇ.

ಮೊದಮೊದಲ ಆಟಗಳಲ್ಲಿ ಬಹಳಷ್ಟಕ್ಕೆ ಕೊನೆ ಇರಲಿಲ್ಲ. ನಾಣ್ಯ ಹಾಕಿ ಆಡುವ ಯಂತ್ರಗಳ ಕಾಲ ಅದು. ಆಡುವವರು ಬೇಗ ಸೋತು ಮತ್ತೊಂದು ನಾಣ್ಯ ಹಾಕಿದರೆ ಮಾಲೀಕನಿಗೆ ಲಾಭ. 1978ರ ಸ್ಪೇಸ್ ಇನ್ವೇಡರ್ಸ್, 1980ರ ಪ್ಯಾಕ್‌ಮ್ಯಾನ್ ಎರಡೂ ಆಟಗಾರ ಸೋಲುವವರೆಗೆ ನಡೆಯುವಂಥವು. ಪ್ಯಾಕ್‌ಮ್ಯಾನ್ ಹಂತಗಳ ಲೆಕ್ಕವನ್ನು ಎಂಟು ಬಿಟ್‌ಗಳಲ್ಲಿ ಇಡುತ್ತಿತ್ತು. ಹಾಗಾಗಿ 256ನೆಯ ಹಂತಕ್ಕೆ ಬಂದಾಗ ಲೆಕ್ಕ ತಪ್ಪಿ ಪರದೆಯ ಬಲಭಾಗವೆಲ್ಲ ಅರ್ಥವಿಲ್ಲದ ಅಕ್ಷರ, ಚಿಹ್ನೆಗಳಿಂದ ತುಂಬಿಹೋಗುತ್ತಿತ್ತು. ಅಲ್ಲಿಯವರೆಗೆ ಯಾರಾದರೂ ಬರಬಹುದು ಎಂದು ಮಾಡಿದವರು ಎಣಿಸಿರಲೇ ಇಲ್ಲ. ಆಟಗಳು ಮನೆಯ ಟಿವಿಗೆ ಬಂದ ಮೇಲೆ ಲೆಕ್ಕಾಚಾರ ಬದಲಾಯಿತು. 1985ರ ಸೂಪರ್ ಮಾರಿಯೋ ಬ್ರದರ್ಸ್‌ನಲ್ಲಿ ಎಂಟು ಲೋಕಗಳನ್ನು ದಾಟಿದರೆ ರಾಜಕುಮಾರಿ ಸಿಗುತ್ತಾಳೆ, ಕಥೆ ಮುಗಿಯುತ್ತದೆ. ಮರುವರ್ಷ ಜಪಾನಿನಲ್ಲಿ ಬಂದ ದಿ ಲೆಜೆಂಡ್ ಆಫ್ ಜೆಲ್ಡಾದಲ್ಲಿ ಆಡಿದಷ್ಟನ್ನು ಉಳಿಸಿಟ್ಟು ಇನ್ನೊಂದು ದಿನ ಮುಂದುವರಿಸುವ ಅನುಕೂಲವಿತ್ತು. ದೀರ್ಘ ಕಥೆಯುಳ್ಳ ಆಟಗಳಿಗೆ ಹಾದಿ ತೆರೆದದ್ದು ಹೀಗೆ.

ಆಟವೊಂದು ಮುಗಿದಾಗ ಅದರ ಬೆಲೆ ಕಟ್ಟಲು ಒಂದು ಪ್ರಶ್ನೆ ಸಾಕು: ಇಷ್ಟು ಹೊತ್ತಿನಲ್ಲಿ ಬೆಳೆದದ್ದು ಯಾವುದು? ಅನೇಕ ಆಟಗಳಲ್ಲಿ ಬೆಳೆಯುವುದು ಪರದೆಯ ಮೇಲಿನ ಪಾತ್ರದ ಶಕ್ತಿ, ಆಯುಧ, ಅಂಕೆಸಂಖ್ಯೆ. ಉತ್ತಮ ಆಟದಲ್ಲಿ ಬೆಳೆಯುವವರು ಆಡುವವರೇ. ಅವರ ವಿವೇಚನೆ, ಕೈಚಳಕ, ತಿಳಿವಳಿಕೆ, ತರ್ಕ ಯಾವುದಾದರೂ ಒಂದು ಮೊದಲಿಗಿಂತ ಹರಿತವಾಗಿರುತ್ತದೆ. ಕಳೆದ ಹದಿನೈದು ವರ್ಷಗಳಲ್ಲಿ ಬಂದ ನಾಲ್ಕು ಆಟಗಳು ಈ ಮಾತಿಗೆ ಒಳ್ಳೆಯ ನಿದರ್ಶನ.

ಪೇಪರ್ಸ್, ಪ್ಲೀಸ್

2013ರಲ್ಲಿ ಬಂದ ಈ ಆಟವನ್ನು ರೂಪಿಸಿದವರು ಜಪಾನಿನಲ್ಲಿ ನೆಲೆಸಿರುವ ಅಮೆರಿಕದ ಲೂಕಸ್ ಪೋಪ್. ಕಥೆ ನಡೆಯುವುದು 1982ರಲ್ಲಿ, ಆರ್ಸ್ಟೊಟ್ಸ್ಕಾ ಎಂಬ ಕಲ್ಪಿತ ಸರ್ವಾಧಿಕಾರಿ ದೇಶದ ಗಡಿಯಲ್ಲಿ. ಲಾಟರಿಯಲ್ಲಿ ಸಿಕ್ಕ ಸರ್ಕಾರಿ ಕೆಲಸ ಹಿಡಿದು ಗಡಿಯ ತಪಾಸಣಾ ಕಟ್ಟೆಯಲ್ಲಿ ಕೂತ ನೌಕರನ ಪಾತ್ರ ಆಡುವವರದು. ಸಾಲಿನಲ್ಲಿ ಬಂದವರ ಪಾಸ್‌ಪೋರ್ಟ್ ನೋಡಬೇಕು, ಫೋಟೋ, ಹುಟ್ಟಿದ ದಿನಾಂಕ, ಮುದ್ರೆ ತಾಳೆ ಹಾಕಬೇಕು, ಹಸಿರು ಇಲ್ಲವೇ ಕೆಂಪು ಸೀಲು ಒತ್ತಬೇಕು. ಸರಿಯಾಗಿ ವಿಲೇವಾರಿ ಮಾಡಿದ ಪ್ರತಿಯೊಬ್ಬರಿಗೂ ಐದು ಕ್ರೆಡಿಟ್ ಸಂಬಳ. ಸಂಜೆ ಆ ದುಡ್ಡಿನಲ್ಲಿ ಬಾಡಿಗೆ, ಊಟ, ಚಳಿಗೆ ಮನೆ ಬಿಸಿಯಾಗಿಡುವ ಖರ್ಚು ತೂಗಿಸಬೇಕು. ಮನೆಯಲ್ಲಿ ಹೆಂಡತಿ, ಮಗ, ಅತ್ತೆ, ಚಿಕ್ಕಪ್ಪ ಇದ್ದಾರೆ. ದಿನಕ್ಕೆ ಎರಡು ತಪ್ಪಿಗೆ ಬರೀ ಎಚ್ಚರಿಕೆ, ಮೂರನೆಯದರಿಂದ ದಂಡ.

ಮೊದಲ ವಾರದಲ್ಲೇ ಒಬ್ಬ ಗಂಡಸು ಬರುತ್ತಾನೆ. ಅವನ ಕಾಗದಪತ್ರಗಳೆಲ್ಲ ಸರಿಯಾಗಿವೆ. ಹಿಂದೆ ಬರುತ್ತಿರುವವಳು ತನ್ನ ಹೆಂಡತಿ, ದಯೆ ತೋರಿ ಎಂದು ಕೇಳಿಕೊಂಡು ಮುಂದೆ ಹೋಗುತ್ತಾನೆ. ಆಕೆಯ ಬಳಿ ಪ್ರವೇಶ ಪರವಾನಗಿ ಇಲ್ಲ. ಒಳಗೆ ಬಿಟ್ಟರೆ ತಪ್ಪು ಲೆಕ್ಕಕ್ಕೆ ಬರುತ್ತದೆ, ವಾಪಸು ಕಳಿಸಿದರೆ ಗಂಡ ಹೆಂಡತಿ ಬೇರೆಯಾಗುತ್ತಾರೆ. ಇಂಥ ಇಕ್ಕಟ್ಟುಗಳು ದಿನದಿನಕ್ಕೂ ಬಿಗಿಯಾಗುತ್ತವೆ. 31 ದಿನಗಳ ಈ ಕಥೆಗೆ 20 ಬೇರೆ ಬೇರೆ ಅಂತ್ಯಗಳಿವೆ. ಕೊನೆಕೊನೆಗೆ ನಿಯಮಗಳು ರಾಶಿ ಬಿದ್ದು ಆಟ ನಿಧಾನವಾಗುವುದು, ಎಲ್ಲ ಅಂತ್ಯಗಳನ್ನೂ ನೋಡಹೊರಟರೆ ಅದದೇ ದಿನಗಳನ್ನು ಮತ್ತೆ ಆಡಬೇಕಾಗುವುದು ಇದರ ಕೊರತೆ. ಒಳ್ಳೆಯ ಮನುಷ್ಯನೊಬ್ಬ ಹೊಟ್ಟೆಪಾಡಿಗಾಗಿ ಕೆಟ್ಟ ವ್ಯವಸ್ಥೆಯ ಕೈಯಾಗುವುದು ಹೇಗೆಂಬುದನ್ನು ಇಷ್ಟು ನೇರವಾಗಿ ಅನುಭವಕ್ಕೆ ತರುವ ಆಟ ಅಪರೂಪ. ಸಿನಿಮಾ ನೋಡುವವರು ಅಂಥ ನೌಕರನನ್ನು ಬೈಯಬಹುದು; ಇಲ್ಲಿ ಸೀಲು ಒತ್ತುವ ಕೈ ಆಡುವವರದ್ದೇ.

ಸೆಲೆಸ್ಟ್

ಮ್ಯಾಡಿ ಥಾರ್ಸನ್ ಮತ್ತು ನೋಯೆಲ್ ಬೆರಿ ನಾಲ್ಕು ದಿನಗಳಲ್ಲಿ ಮಾಡಿದ ಪುಟ್ಟದೊಂದು ಆಟ ಬೆಳೆದು 2018ರ ಜನವರಿಯಲ್ಲಿ ಸೆಲೆಸ್ಟ್ ಆಗಿ ಹೊರಬಂತು. ಮ್ಯಾಡಲಿನ್ ಎಂಬ ಯುವತಿ ಬೆಟ್ಟವೊಂದನ್ನು ಹತ್ತಲು ಹೊರಡುತ್ತಾಳೆ. ಆಕೆ ಮಾಡಬಲ್ಲದ್ದು ಮೂರೇ: ನೆಗೆಯುವುದು, ಗೋಡೆ ಹಿಡಿದು ಏರುವುದು, ಗಾಳಿಯಲ್ಲಿ ಒಮ್ಮೆ ರಭಸದಿಂದ ಮುನ್ನುಗ್ಗುವುದು. ಸುತ್ತ ಮುಳ್ಳುಗಳು, ಕುಸಿಯುವ ಕಲ್ಲುಗಳು. ಒಂದೊಂದು ಪರದೆಯೂ ಒಂದು ಸಣ್ಣ ಸವಾಲು. ಬಿದ್ದು ಸತ್ತರೆ ಕ್ಷಣಮಾತ್ರದಲ್ಲಿ ಅದೇ ಪರದೆಯ ಆರಂಭಕ್ಕೆ ಮರಳಿ, ಮತ್ತೆ ಪ್ರಯತ್ನ. ಆಟ ಮುಗಿಸುವಷ್ಟರಲ್ಲಿ ಸಾವಿರ ಸಲ ಸಾಯುವುದು ಸಾಮಾನ್ಯ. ಆ ಲೆಕ್ಕವನ್ನು ಆಟ ಕಲಿಕೆಯ ಗುರುತಾಗಿ ತೋರಿಸುತ್ತದೆ, ನಾಚಿಕೆಯ ವಿಷಯವಾಗಿ ಅಲ್ಲ.

ಈ ಆಟ ಕಠಿಣವಾದರೂ ಕ್ರೂರವಲ್ಲ. ಅದರ ಗುಟ್ಟು ಕಣ್ಣಿಗೆ ಕಾಣದ ಸಣ್ಣ ರಿಯಾಯಿತಿಗಳಲ್ಲಿದೆ. ಅಂಚಿನಿಂದ ಕಾಲು ಜಾರಿದ ಮೇಲೂ ಅರೆಕ್ಷಣ ನೆಗೆಯಲು ಅವಕಾಶ ಉಂಟು. ತಲೆ ಚಾವಣಿಯ ಮೂಲೆಗೆ ತಾಗಿದರೆ ಆಟವೇ ಮ್ಯಾಡಲಿನ್‌ಳನ್ನು ತುಸು ಪಕ್ಕಕ್ಕೆ ಸರಿಸಿ ಮೇಲೆ ಹೋಗಲು ಬಿಡುತ್ತದೆ. ಇನ್ನೂ ಕಷ್ಟವೆನಿಸಿದವರಿಗೆ ವೇಗ ತಗ್ಗಿಸಿ, ಸಾವನ್ನೇ ತಪ್ಪಿಸಿ ಆಡುವ ವ್ಯವಸ್ಥೆಯಿದೆ. ಅದನ್ನು ಬಳಸಿದವರಿಗೆ ಕಥೆಯ ಯಾವ ಭಾಗವೂ ತಪ್ಪುವುದಿಲ್ಲ. ಕಥೆಯ ತಿರುಳು ಆತಂಕ ಮತ್ತು ಖಿನ್ನತೆ. ಮ್ಯಾಡಲಿನ್‌ಳದೇ ರೂಪದ ಇನ್ನೊಬ್ಬಳು ನಿನ್ನಿಂದ ಆಗದು ಎನ್ನುತ್ತ ಅವಳನ್ನು ಅಟ್ಟಿಸಿಕೊಂಡು ಬರುತ್ತಾಳೆ. ಹಗ್ಗದಲ್ಲಿ ತೂಗುತ್ತ ಸಾಗುವ ರೋಪ್‌ವೇ ಗಾಡಿ ನಡುದಾರಿಯಲ್ಲಿ ನಿಂತು ಅವಳಿಗೆ ಉಸಿರು ಕಟ್ಟಿದಾಗ ಜೊತೆಗಾರ ಥಿಯೋ ಒಂದು ಗರಿಯನ್ನು ಕಲ್ಪಿಸಿಕೊಂಡು, ಅದು ಮೇಲೆಕೆಳಗೆ ತೇಲುವಂತೆ ಉಸಿರಾಡಲು ಹೇಳುತ್ತಾನೆ. ಆಡುವವರು ಬಟನ್ ಒತ್ತಿ ಬಿಟ್ಟು ಆ ಗರಿಯನ್ನು ತೇಲಿಸಬೇಕು. ಆ ನೆರಳಿನಂಥವಳನ್ನು ಸೋಲಿಸುವುದರಲ್ಲಿ ಕಥೆ ಮುಗಿಯುವುದಿಲ್ಲ. ಅವಳೊಡನೆ ರಾಜಿಯಾದಾಗ ಮ್ಯಾಡಲಿನ್ ಗಾಳಿಯಲ್ಲಿ ಎರಡು ಬಾರಿ ಮುನ್ನುಗ್ಗಬಲ್ಲಳು. ಕಥೆಯ ಮಾತು ಕೈಯ ಆಟದಲ್ಲೇ ನಿಜವಾಗುವ ಈ ಘಳಿಗೆ ಸೆಲೆಸ್ಟ್‌ನ ದೊಡ್ಡ ಗೆಲುವು.

ಔಟರ್ ವೈಲ್ಡ್ಸ್

ಅಲೆಕ್ಸ್ ಬೀಚಮ್ ವಿದ್ಯಾರ್ಥಿಯಾಗಿದ್ದಾಗ ಸ್ನಾತಕೋತ್ತರ ಪದವಿಗಾಗಿ ಕೈಗೆತ್ತಿಕೊಂಡ ಈ ಯೋಜನೆಯನ್ನು ಮೊಬಿಯಸ್ ಡಿಜಿಟಲ್ ಸಂಸ್ಥೆ ಬೆಳೆಸಿ 2019ರಲ್ಲಿ ಬಿಡುಗಡೆ ಮಾಡಿತು. ಮರುವರ್ಷ ಇದು ಬ್ರಿಟನ್ನಿನ ಬಾಫ್ಟಾ ಪ್ರಶಸ್ತಿಗಳಲ್ಲಿ ಅತ್ಯುತ್ತಮ ಆಟವೆನಿಸಿತು. ಪುಟ್ಟ ಸೌರಮಂಡಲ, ಕಟ್ಟಿಗೆ ತಗಡು ಸೇರಿಸಿ ಮಾಡಿದಂಥ ಒಂದು ಗಗನನೌಕೆ, ಮೊದಲ ಬಾರಿ ಹಾರಲಿರುವ ಒಬ್ಬ ಯಾತ್ರಿ. ಹೊರಟ 22 ನಿಮಿಷಗಳಲ್ಲಿ ಸೂರ್ಯ ಸಿಡಿದು ಎಲ್ಲವೂ ನಾಶವಾಗುತ್ತದೆ. ಮರುಕ್ಷಣ ಯಾತ್ರಿ ಅದೇ ಹಳೆಯ ಘಳಿಗೆಯಲ್ಲಿ ಕಣ್ಣು ಬಿಡುತ್ತಾನೆ. ನಡೆದದ್ದೆಲ್ಲ ಅವನಿಗೆ ನೆನಪಿದೆ.

ಇಲ್ಲಿ ಗ್ರಹಗಳು ಆಡುವವರಿಗಾಗಿ ಕಾಯುವುದಿಲ್ಲ, ತಮ್ಮ ಪಾಡಿಗೆ ಬದಲಾಗುತ್ತಿರುತ್ತವೆ. ಒಂದರ ನಡುವೆ ಕಪ್ಪುಕುಳಿಯಿದ್ದು, ನೆಲ ಚೂರುಚೂರಾಗಿ ಕಳಚಿ ಅದರೊಳಗೆ ಬೀಳುತ್ತದೆ. ಜೋಡಿ ಗ್ರಹಗಳಲ್ಲಿ ಒಂದರ ಮರಳು ಇನ್ನೊಂದಕ್ಕೆ ಸುರಿಯುತ್ತಿರುತ್ತದೆ: ಅಲ್ಲಿ ಹೂತಿದ್ದ ಗೋಪುರಗಳು ತೆರೆದುಕೊಳ್ಳುವಾಗ ಇಲ್ಲಿನ ಗವಿಗಳು ಮುಚ್ಚಿಹೋಗುತ್ತವೆ. ಎಲ್ಲಿಗೆ ಹೋಗಬೇಕು ಎಂಬುದರ ಜೊತೆ ಯಾವಾಗ ಹೋಗಬೇಕು ಎಂಬುದೂ ಗೊತ್ತಿರಬೇಕು. ನೊಮಾಯ್ ಎಂಬ ಅಳಿದುಹೋದ ಜನಾಂಗ ಗೋಡೆಗಳ ಮೇಲೆ ಸುರುಳಿ ಬರಹದಲ್ಲಿ ಬಿಟ್ಟುಹೋದ ಮಾತುಗಳೇ ಸುಳಿವು. ಬೇರೆ ಬೇರೆ ಗ್ರಹಗಳಲ್ಲಿ ಬೀಡುಬಿಟ್ಟ ಯಾತ್ರಿಗಳು ಬ್ಯಾಂಜೋ, ಕೊಳಲು, ಡೋಲು ನುಡಿಸುತ್ತಿರುತ್ತಾರೆ. ದೂರದಿಂದ ದನಿ ಹಿಡಿಯುವ ಸಾಧನವನ್ನು ಆಕಾಶಕ್ಕೆ ತಿರುಗಿಸಿದರೆ ಆ ನಾದಗಳು ಒಂದೇ ಹಾಡಿನ ಭಾಗಗಳೆಂದು ತಿಳಿಯುತ್ತದೆ.

ಈ ಆಟದಲ್ಲಿ ಕೊಳ್ಳಲು ಆಯುಧವಿಲ್ಲ, ಏರಲು ದರ್ಜೆಯಿಲ್ಲ. ಅಂತ್ಯಕ್ಕೆ ಹೋಗುವ ದಾರಿ ಮೊದಲಿನಿಂದಲೂ ತೆರೆದೇ ಇದ್ದು, ಇಲ್ಲದಿರುವುದು ಆ ದಾರಿಯ ತಿಳಿವಳಿಕೆ ಮಾತ್ರ. ಹಾಗಾಗಿಯೇ ಇದನ್ನು ಹೊಸದಾಗಿ ಆಡಲು ಒಬ್ಬರಿಗೆ ಒಂದೇ ಅವಕಾಶ. ನೌಕೆ ನಡೆಸುವುದು ಕೈಗೆ ಹತ್ತುವವರೆಗೆ ತಾಳ್ಮೆ ಬೇಕು. ಸರಿಯಾದ ಹೊತ್ತಿಗಾಗಿ ಸುಮ್ಮನೆ ಕಾಯಬೇಕಾದ ಜಾಗಗಳೂ ಇವೆ. ಅಷ್ಟನ್ನು ಸಹಿಸಿದವರಿಗೆ ವಿಜ್ಞಾನಿಯೊಬ್ಬರ ಕುತೂಹಲ ಮತ್ತು ಕಂಡುಕೊಂಡ ಸಂತೋಷ ಎಂಥವೆಂದು ಅರಿವಾಗುತ್ತದೆ. ನಾಲ್ಕರಲ್ಲಿ ಅತ್ಯುತ್ತಮ ಅಂತ್ಯ ಇದರದ್ದೇ.

ರಿಟರ್ನ್ ಆಫ್ ದಿ ಓಬ್ರಾ ಡಿನ್

ಲೂಕಸ್ ಪೋಪ್ ಅವರ ಮುಂದಿನ ದೊಡ್ಡ ಆಟ ಬಂದದ್ದು 2018ರ ಅಕ್ಟೋಬರ್‌ನಲ್ಲಿ. 1802ರಲ್ಲಿ ಲಂಡನ್ ಬಿಟ್ಟು ಕಾಣೆಯಾಗಿದ್ದ ಓಬ್ರಾ ಡಿನ್ ಎಂಬ ವಾಣಿಜ್ಯ ಹಡಗು 1807ರಲ್ಲಿ ಇಂಗ್ಲೆಂಡಿನ ಫಾಲ್ಮತ್ ಬಂದರಿಗೆ ತಾನಾಗಿ ತೇಲಿ ಬರುತ್ತದೆ. ಒಳಗೆ ಜೀವಂತ ಯಾರೂ ಇಲ್ಲ. ಈಸ್ಟ್ ಇಂಡಿಯಾ ಕಂಪನಿ ವಿಮೆ ಪರಿಶೀಲಕರೊಬ್ಬರನ್ನು ಕಳಿಸುತ್ತದೆ. ಹಡಗಿನಲ್ಲಿದ್ದ 60 ಜನರಲ್ಲಿ ಪ್ರತಿಯೊಬ್ಬರೂ ಯಾರು, ಏನಾದರು, ಕೊಂದವರು ಯಾರು ಎಂಬುದನ್ನು ಬರೆದು ಲೆಡ್ಜರ್ ತುಂಬಿಸುವುದೇ ಆಟ. ಪರಿಶೀಲಕರ ಕೈಯಲ್ಲಿ ಒಂದು ಮಾಯಾ ಜೇಬುಗಡಿಯಾರವಿದೆ; ಶವದ ಬಳಿ ಅದನ್ನು ತೆರೆದರೆ ಮೊದಲು ಸಾವಿಗೆ ಮುಂಚಿನ ಮಾತು, ಸದ್ದು ಕೇಳಿಸುತ್ತದೆ. ಆಮೇಲೆ ಸಾವಿನ ಆ ಒಂದು ಕ್ಷಣ ಸ್ತಬ್ಧವಾಗಿ ನಿಲ್ಲುತ್ತದೆ, ಅದರೊಳಗೆ ಓಡಾಡಿ ನೋಡಬಹುದು. ಇಡೀ ದೃಶ್ಯ ಹಳೆಯ ಮ್ಯಾಕಿಂಟಾಷ್ ಕಂಪ್ಯೂಟರಿನಂತೆ ಎರಡೇ ಬಣ್ಣಗಳಲ್ಲಿದೆ.

ಸುಳಿವುಗಳು ಎಲ್ಲೆಂದರಲ್ಲಿ ಅಡಗಿವೆ. ಒಂದು ದೃಶ್ಯದಲ್ಲಿ ನಾವಿಕರು ತೂಗುಹಾಸಿಗೆಗಳಲ್ಲಿ ಮಲಗಿರುತ್ತಾರೆ. ಮುಖ ಕಾಣದಿದ್ದರೂ ಹಾಸಿಗೆಗೆ ತಗುಲಿಸಿದ ಸಂಖ್ಯೆ ಕಾಣುತ್ತದೆ. ಆ ಸಂಖ್ಯೆಯನ್ನು ಸಿಬ್ಬಂದಿ ಪಟ್ಟಿಯ ಕ್ರಮಸಂಖ್ಯೆಗೆ ಹೋಲಿಸಿ, ಹೊರಚಾಚಿದ ಪಾದದ ಬೂಟನ್ನು ಇನ್ನೊಂದು ದೃಶ್ಯದ ಬೂಟಿಗೆ ತಾಳೆ ನೋಡಿದರೆ ಒಂದು ಹೆಸರು ಸಿಕ್ಕಿತು. ಮೂರು ಜನರ ವಿವರ ಸರಿಯಾದಾಗ ಮಾತ್ರ ಆಟ ಅದನ್ನು ಖಚಿತಪಡಿಸುತ್ತದೆ. ಹಾಗಾಗಿ ಒಂದೊಂದಾಗಿ ಊಹೆ ಹೊಡೆದು ಗೆಲ್ಲುವುದು ಕಷ್ಟ. ಮೂರೂ ಒಟ್ಟಿಗೆ ಸರಿಯಾದಾಗ ಆಗುವ ಹಿಗ್ಗು ದೊಡ್ಡದು.

ಭಾರತೀಯ ಓದುಗರಿಗೆ ಈ ಆಟದಲ್ಲಿ ಇನ್ನೊಂದು ಎಳೆಯಿದೆ. ಸಿಬ್ಬಂದಿಯಲ್ಲಿ ಇಂಗ್ಲಿಷರ ಜೊತೆ ಚೀನಾ, ಪರ್ಷಿಯಾ, ಭಾರತದ ನಾವಿಕರೂ ಇದ್ದಾರೆ. ಪಯಣದ ಮೊದಲ ಭಾಗದಲ್ಲೇ ಕಾಯಿಲೆಯಿಂದ ಸಾಯುವವರಲ್ಲಿ ಭಾರತದವರಿದ್ದಾರೆ. ಕಡೆಯಲ್ಲಿ ಕಂಪನಿ ಒಂದೊಂದು ಸಾವಿಗೂ ಪರಿಹಾರವನ್ನೋ ದಂಡವನ್ನೋ ಲೆಕ್ಕ ಹಾಕಿ ಕೈತೊಳೆದುಕೊಳ್ಳುತ್ತದೆ. ಮನುಷ್ಯರ ಬದುಕನ್ನು ಜಮಾ ಖರ್ಚಿನ ಕಾಲಂಗೆ ಇಳಿಸಿದ ಸಂಸ್ಥೆಯ ಮನಸ್ಸು ಈ ಒಂದು ಪುಟದಲ್ಲಿ ಸ್ಪಷ್ಟವಾಗುತ್ತದೆ. ಆಟದ ಕೊರತೆಯನ್ನೂ ಇಲ್ಲಿಯೇ ಹೇಳಬೇಕು: ಕೆಲವರನ್ನು ಗುರುತಿಸಲು ಅವರ ಇಂಗ್ಲಿಷ್ ಉಚ್ಚಾರದ ಧಾಟಿ ಹಿಡಿಯಬೇಕು. ಸ್ಕಾಟ್ಲೆಂಡ್, ಐರ್ಲೆಂಡ್‌ಗಳ ಮಾತು ಕಿವಿಗೆ ರೂಢಿಯಿಲ್ಲದವರು ಬೇರೆ ಸುಳಿವು ಹುಡುಕಬೇಕಾಗುತ್ತದೆ. ಆದರೂ ತರ್ಕವನ್ನೇ ಆಟವಾಗಿಸಿದ ಕೃತಿಗಳಲ್ಲಿ ಇದಕ್ಕೆ ಸಾಟಿಯಿಲ್ಲ. 2019ರ ಬಾಫ್ಟಾದಲ್ಲಿ ಕಲೆ ಮತ್ತು ಆಟದ ವಿನ್ಯಾಸ ಎರಡಕ್ಕೂ ಇದು ಪ್ರಶಸ್ತಿ ಪಡೆಯಿತು.

ಭಾರತದ ಒಂದು ಪ್ರಯತ್ನ

ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ 2020ರಲ್ಲಿ ಹೊರತಂದ ರಾಜಿ: ಆ್ಯನ್ ಏನ್ಶಿಯೆಂಟ್ ಎಪಿಕ್ ಕೂಡ ಕೊನೆಯುಳ್ಳ ಆಟವೇ. ರಾಕ್ಷಸ ಮಹಾಬಲಾಸುರನ ಕಡೆಯವರು ಹೊತ್ತೊಯ್ದ ತಮ್ಮ ಗೋಲುವನ್ನು ಹುಡುಕಿ ಹೊರಟ ರಾಜಿಯ ಕಥೆ ಇದು. ದುರ್ಗೆ ಮತ್ತು ವಿಷ್ಣು ಕಥೆ ಹೇಳುತ್ತಾರೆ. ನಡುನಡುವೆ ಬರುವ ಪ್ರಸಂಗಗಳು ತೊಗಲುಗೊಂಬೆಯಾಟದ ಶೈಲಿಯಲ್ಲಿವೆ. ಕೋಟೆ, ಕೊಳ, ಕಂಬಗಳ ಚಿತ್ರಣ ಕಣ್ಣಿಗೆ ಹಬ್ಬ. ಆದರೆ ಕಾದಾಟಗಳು ಬಹುಬೇಗ ಒಂದೇ ರೀತಿ ಎನಿಸುತ್ತವೆ. ಕಥೆ ತೀರ ಅವಸರದಲ್ಲಿ, ಅರ್ಧಕ್ಕೇ ನಿಂತಂತೆ ಮುಗಿಯುತ್ತದೆ. ಹಿಂದಿನ ನಾಲ್ಕು ಆಟಗಳಲ್ಲಿ ಅಂತ್ಯವೇ ಬಲವಾದರೆ ಇಲ್ಲಿ ಅದೇ ದೌರ್ಬಲ್ಯ. ಇಷ್ಟು ಚೆಂದದ ಲೋಕವನ್ನು ಕಟ್ಟಬಲ್ಲವರು ಅದಕ್ಕೆ ತಕ್ಕ ಮುಕ್ತಾಯವನ್ನೂ ಕೊಡಬೇಕಿತ್ತು.

ಕನ್ನಡದ ಆಟಗಾರರಿಗೆ ದೊಡ್ಡ ತೊಡಕು ಭಾಷೆಯದು. ಮೇಲಿನ ನಾಲ್ಕೂ ವಿದೇಶಿ ಆಟಗಳಲ್ಲಿ ಕನ್ನಡವಿಲ್ಲ. ಔಟರ್ ವೈಲ್ಡ್ಸ್‌ನಲ್ಲಂತೂ ಓದು ಬಹಳ. ಇಂಗ್ಲಿಷ್ ಬಲ್ಲ ಗೆಳೆಯರೋ ಮನೆಯ ಹಿರಿಯರೋ ಪಕ್ಕದಲ್ಲಿ ಕೂತು ಒಟ್ಟಿಗೆ ಆಡಿದರೆ ಈ ತೊಡಕು ಅರ್ಧ ನೀಗುತ್ತದೆ. ಓಬ್ರಾ ಡಿನ್‌ನ ಪತ್ತೇದಾರಿಕೆ ಇಬ್ಬರು ಸೇರಿ ಮಾಡುವಾಗಲೇ ಹೆಚ್ಚು ಸೊಗಸು.

ಹೊಸಬರು ಪೇಪರ್ಸ್, ಪ್ಲೀಸ್‌ನಿಂದ ಆರಂಭಿಸುವುದು ಲೇಸು. 2022ರಿಂದ ಅದು ಮೊಬೈಲ್‌ನಲ್ಲೂ ಸಿಗುತ್ತದೆ, ಬೆರಳಿನ ವೇಗವೂ ಹೆಚ್ಚು ಬೇಕಿಲ್ಲ. ಸೆಲೆಸ್ಟ್‌ಗೆ ಸಾಧಾರಣ ಲ್ಯಾಪ್‌ಟಾಪ್ ಸಾಕು. ಔಟರ್ ವೈಲ್ಡ್ಸ್ ಮತ್ತು ಓಬ್ರಾ ಡಿನ್ ಆಡುವವರು ಎಲ್ಲಿಯೇ ಸಿಕ್ಕಿಬಿದ್ದರೂ ಯೂಟ್ಯೂಬ್‌ನಲ್ಲಿ ಉತ್ತರ ಹುಡುಕಬಾರದು. ಆ ಎರಡು ಆಟಗಳಲ್ಲಿ ಉತ್ತರ ಕಂಡುಕೊಳ್ಳುವುದೇ ಆಟ. ಅದನ್ನು ಬೇರೆಯವರಿಂದ ಪಡೆದರೆ ಆಡಲು ಏನೂ ಉಳಿಯುವುದಿಲ್ಲ.