ಹೊಲಕ್ಕೆ ಬಂದ ಜಿಂಕೆಗೆ ಈಡು ಹಾರಿಸಬಹುದೇ?



ಜೋಳ ಎರಡೆಲೆ ಬಿಟ್ಟಾಗ ಚಿಗರಿಯ ಹಿಂಡು, ರಾಗಿ ಹಾಲುದುಂಬಿದಾಗ ಜಿಂಕೆ, ಶೇಂಗಾ ಕಾಯಿ ಕಟ್ಟಿದಾಗ ಕಾಡುಹಂದಿ. ಕಾಡಂಚಿನ ಊರುಗಳಲ್ಲಿ ಇವುಗಳ ಕಾಟ ತಿಳಿಯದವರಿಲ್ಲ. ಇಂತಹ ಊರುಗಳಿಗೆ ಹೋದಾಗಲೆಲ್ಲ ರೈತರು ನನ್ನನ್ನು ಎರಡು ಪ್ರಶ್ನೆ ಕೇಳುತ್ತಾರೆ. "ಜಮೀನು ನನ್ನದು, ಬೆಳೆ ನನ್ನದು, ಕೋವಿಗೆ ಲೈಸೆನ್ಸೂ ಇದೆ. ಹೊಡೆದರೆ ತಪ್ಪೇನು?" ಎಂಬುದು ಒಂದು. "ಜಿಂಕೆಗೆ ಯಾವ ತೋಟಾ ಬಳಸಿದರೆ ಕಾಯಿದೆಗೆ ಸರಿ?" ಎಂಬುದು ಇನ್ನೊಂದು. ತಪ್ಪು ತಿಳಿವಳಿಕೆಯಿಂದ ಕೋವಿ ಕಳೆದುಕೊಂಡು ಕೋರ್ಟು ಅಲೆಯುವಂತಾಗಬಾರದು. ಆದ್ದರಿಂದ ಇವೆರಡಕ್ಕೂ ಇಲ್ಲಿ ಬಿಡಿಸಿ ಉತ್ತರ ಹೇಳಿದ್ದೇನೆ.

ಹಿಂದೆ ಇದ್ದ ನಿಯಮ

ತೋಟಾದ ಪ್ರಶ್ನೆ ಹುಟ್ಟಿದ್ದು ಹಳೆಯ ನಿಯಮದಿಂದ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದಾಗ ಪರವಾನಗಿ ಪಡೆದು ಬೇಟೆಯಾಡಲು ಅವಕಾಶವಿತ್ತು. ಆಗ 17ನೇ ಕಲಮು ದೊಡ್ಡ ಬೇಟೆಯ ಪ್ರಾಣಿಗಳನ್ನು ರೈಫಲ್ಲಿನಿಂದಲೇ ಹೊಡೆಯಬೇಕೆಂದು ಹೇಳಿತ್ತು. ನಯನಳಿಗೆಯ ಬಂದೂಕು ಬಳಸಬೇಕಾದರೆ ಪರವಾನಗಿಯಲ್ಲಿ ವಿಶೇಷ ಅನುಮತಿ ಇರಬೇಕಿತ್ತು, ಆಗಲೂ ಚರೆಯ ತೋಟಾ ಸಲ್ಲದು, ಒಂಟಿ ಗುಂಡಿನ ತೋಟಾ ಮಾತ್ರ. ಖಾಸಗಿ ಜಮೀನಿನಲ್ಲಿ ಬೇಟೆಯಾಡಲು ಮಾಲೀಕನ ಒಪ್ಪಿಗೆಯೂ ಬೇಕಿತ್ತು. ಚರೆ ತಗುಲಿದ ಪ್ರಾಣಿ ಸಾಯದೆ ಗಾಯಗೊಂಡು ಓಡಿ, ದಿನಗಟ್ಟಲೆ ನರಳುತ್ತದೆ ಎಂಬುದನ್ನು ಬಲ್ಲವರು ಈ ನಿಯಮದ ಅರ್ಥ ತಿಳಿಯಬಲ್ಲರು.

1991ರ ತಿದ್ದುಪಡಿಯಲ್ಲಿ ಈ ಕಲಮನ್ನೇ ತೆಗೆದುಹಾಕಲಾಯಿತು. ಪರವಾನಗಿ ಬೇಟೆ ಮುಗಿಯಿತು. ಆದ್ದರಿಂದ ಇಂದು ಜಿಂಕೆಗೆ "ಕಾಯಿದೆಗೆ ಸರಿಯಾದ ತೋಟಾ" ಎಂಬುದೇ ಇಲ್ಲ. ರೈಫಲ್ ಆಗಲಿ, ಹನ್ನೆರಡು ಬೋರಿನ ತೋಟಾ ಆಗಲಿ, ಕೇಪಿನ ಕೋವಿಯ ಚರೆಯಾಗಲಿ, ಎಲ್ಲವೂ ಒಂದೇ.

ಜಮೀನು ನಿಮ್ಮದು, ಪ್ರಾಣಿ ಸರ್ಕಾರದ್ದು

ಕಾಯಿದೆಯ 9ನೇ ಕಲಮಿನ ಪ್ರಕಾರ ಅನುಸೂಚಿ 1 ಮತ್ತು 2ರಲ್ಲಿರುವ ಯಾವ ಪ್ರಾಣಿಯನ್ನೂ ಬೇಟೆಯಾಡುವಂತಿಲ್ಲ. ಚುಕ್ಕೆ ಜಿಂಕೆ, ಕಡವೆ, ಕಾಡುಹಂದಿ ಇವುಗಳಲ್ಲಿ ಸೇರಿವೆ. ಹಾವೇರಿ, ಗದಗ, ಕೊಪ್ಪಳದ ಕಡೆ ಚಿಗರಿ ಎನ್ನುವ ಕೃಷ್ಣಮೃಗ ಮತ್ತು ನವಿಲು ಅನುಸೂಚಿ 1ರಲ್ಲಿವೆ. ಕಾಡಿನಲ್ಲಿರಲಿ, ನಿಮ್ಮ ಪಹಣಿಯ ಜಮೀನಿನಲ್ಲಿರಲಿ, ನಿಯಮ ಒಂದೇ. ಬೇಟೆ ಎಂದರೆ ಕೊಲ್ಲುವುದಷ್ಟೇ ಅಲ್ಲ. ಉರುಳು ಒಡ್ಡುವುದು, ವಿಷ ಇಡುವುದು, ಹೊಡೆಯಲು ಪ್ರಯತ್ನಿಸುವುದೂ ಬೇಟೆಯೇ.

2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ತಿದ್ದುಪಡಿಯಲ್ಲಿ ದಂಡ ಹೆಚ್ಚಿದೆ. ಸಾಮಾನ್ಯ ಅಪರಾಧಕ್ಕೆ 3 ವರ್ಷದವರೆಗೆ ಸಜೆ, 1 ಲಕ್ಷ ರೂಪಾಯಿವರೆಗೆ ದಂಡ. ಅನುಸೂಚಿ 1ರ ಪ್ರಾಣಿಯಾದರೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಸಜೆ ಮತ್ತು 25 ಸಾವಿರಕ್ಕೆ ಕಡಿಮೆಯಿಲ್ಲದ ದಂಡ. ಅಪರಾಧಕ್ಕೆ ಬಳಸಿದ ಕೋವಿಯ ಲೈಸೆನ್ಸನ್ನು ರದ್ದುಪಡಿಸಿ, 5 ವರ್ಷ ಹೊಸ ಲೈಸೆನ್ಸು ಸಿಗದಂತೆ ಕೋರ್ಟು ಆದೇಶಿಸಬಹುದು.

ಮಾಂಸದ ಪಾಲು ಹಂಚಿಕೊಂಡವರೂ ಪಾರಾಗರು. ಮನೆಯಲ್ಲಿ ಮಾಂಸ ಸಿಕ್ಕಿದರೆ ಅದು ಅಕ್ರಮವಲ್ಲವೆಂದು ಸಾಧಿಸುವ ಹೊಣೆ ಮನೆಯವರದೇ.

ಹಾಗಾದರೆ ಬೆಳೆ ಕಾವಲು ಕೋವಿ ಏತಕ್ಕೆ?

1959ರ ಆಯುಧ ಕಾಯಿದೆಯ 13ನೇ ಕಲಮು ಬೆಳೆ ರಕ್ಷಣೆಗೆ ಬಾಯಿಯಿಂದ ಮದ್ದು ತುಂಬುವ ಕೋವಿಗೆ, ಅಂದರೆ ಕೇಪಿನ ಕೋವಿಗೆ ಲೈಸೆನ್ಸು ಕೊಡಲು ಹೇಳುತ್ತದೆ. ಅದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ, 20 ಅಂಗುಲಕ್ಕೆ ಕಡಿಮೆಯಿಲ್ಲದ ನಳಿಗೆಯ ತೋಟಾ ಕೋವಿಗೂ ಕೊಡಬಹುದು. ರೈಫಲ್ಲಿನ ಗುಂಡು ಒಂದು ಮೈಲಿಗೂ ಮೀರಿ ಹಾರಿ ಪಕ್ಕದೂರಿನವರ ಪ್ರಾಣ ತೆಗೆಯಬಲ್ಲದು ಎಂಬುದು ನೆನಪಿರಲಿ.

ಈ ಲೈಸೆನ್ಸು ಕೋವಿ ಇಟ್ಟುಕೊಳ್ಳಲು ಅನುಮತಿಯೇ ಹೊರತು ಪ್ರಾಣಿ ಹೊಡೆಯಲು ಅಲ್ಲ. ಸದ್ದು ಮಾಡಿ ಬೆದರಿಸಿ ಅಟ್ಟುವುದೇ ಅದರ ದಿನನಿತ್ಯದ ಕೆಲಸ. ಅದಕ್ಕೆ ಚರೆ ಹಾಕದೆ ಬರಿ ಮದ್ದು ತುಂಬಿದರೂ ಸಾಕು. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿಯೂ ಆಯುಧ ಲೈಸೆನ್ಸಿನಿಂದ ಮಾತ್ರ. 2029ರವರೆಗೆ ವಿಸ್ತರಿಸಿರುವ ಈ ವಿನಾಯಿತಿ ವನ್ಯಜೀವಿ ಕಾಯಿದೆಗೆ ಅನ್ವಯಿಸದು.

ಯಾವಾಗ ಹೊಡೆಯಬಹುದು?

ಎರಡೇ ಸಂದರ್ಭ. ಮೊದಲನೆಯದು, ಲಿಖಿತ ಅನುಮತಿ. 11ನೇ ಕಲಮಿನಡಿ, ಅನುಸೂಚಿ 2ರ ಪ್ರಾಣಿ ನಿಂತ ಬೆಳೆಗೆ ಅಪಾಯಕಾರಿಯಾದರೆ, ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರಿಂದ ಅಧಿಕಾರ ಪಡೆದ ಅಧಿಕಾರಿ ಕಾರಣ ಬರೆದು ಅಪ್ಪಣೆ ಕೊಡಬಹುದು. ಅನುಸೂಚಿ 1ರ ಚಿಗರಿಗೆ ಬೆಳೆ ಹಾನಿಯ ಕಾರಣದಿಂದ ಈ ಅಪ್ಪಣೆ ಸಿಗದು. ಬಾಯಿಮಾತಿನ ಒಪ್ಪಿಗೆ ನಂಬಿ ಕೋವಿ ಎತ್ತಬೇಡಿ.

ಎರಡನೆಯದು, ಪ್ರಾಣರಕ್ಷಣೆ. ತನ್ನ ಅಥವಾ ಇನ್ನೊಬ್ಬರ ಜೀವ ಉಳಿಸಲು ಸದ್ಭಾವದಿಂದ ಹೊಡೆದರೆ ಅಪರಾಧವಲ್ಲ. ಆದರೆ ಅಕ್ರಮ ಬೇಟೆಗೆ ಹೋಗಿದ್ದವನಿಗೆ ಈ ರಕ್ಷಣೆಯಿಲ್ಲ. ಬೆಳೆಯ ರಕ್ಷಣೆಯೂ ಇದರಲ್ಲಿ ಸೇರಿಲ್ಲ. ಹೀಗೆ ಸತ್ತ ಪ್ರಾಣಿ ಸರ್ಕಾರದ ಸ್ವತ್ತು. ಕೂಡಲೇ, ಹೆಚ್ಚೆಂದರೆ 48 ಗಂಟೆಯೊಳಗೆ ಹತ್ತಿರದ ಪೊಲೀಸ್ ಠಾಣೆ ಅಥವಾ ಅರಣ್ಯಾಧಿಕಾರಿಗೆ ತಿಳಿಸಬೇಕು.

ಕೋವಿ ಇರುವವರು ಗಮನಿಸಿ

1. ಲೈಸೆನ್ಸಿನ ಅವಧಿ 2019ರ ತಿದ್ದುಪಡಿಯಿಂದ 5 ವರ್ಷ. ಮುಗಿಯುವ ಮುನ್ನವೇ ನವೀಕರಿಸಿ. ಲೈಸೆನ್ಸಿಲ್ಲದ ಕೋವಿಗೆ 2ರಿಂದ 5 ವರ್ಷ ಸಜೆಯಿದೆ.

2. ಎಷ್ಟು ತೋಟಾ ಕೊಳ್ಳಬಹುದೆಂಬುದು ಲೈಸೆನ್ಸಿನಲ್ಲೇ ಇರುತ್ತದೆ. ಮದ್ದು, ತೋಟಾಗಳನ್ನು ಪರವಾನಗಿ ಇರುವ ಅಂಗಡಿಯಲ್ಲಿಯೇ ಕೊಂಡು ರಸೀದಿ ಇಟ್ಟುಕೊಳ್ಳಿ.

3. ಅಭಯಾರಣ್ಯದಿಂದ 10 ಕಿಲೋಮೀಟರಿನೊಳಗಿನ ಕೋವಿದಾರರು ಅರಣ್ಯ ಇಲಾಖೆಯಲ್ಲಿ ಹೆಸರು ನೋಂದಾಯಿಸಬೇಕು. ಹೊಸ ಲೈಸೆನ್ಸಿಗೂ ಆ ಇಲಾಖೆಯ ಸಮ್ಮತಿ ಬೇಕು.

4. ಕೋವಿಯನ್ನು ತುಂಬಿಟ್ಟು ಮನೆಯಲ್ಲಿ ತೂಗುಹಾಕಬೇಡಿ. ಮಕ್ಕಳ ಕೈಗೆ ಸಿಗದಂತೆ ಬೀಗ ಹಾಕಿ.

ಬೆಳೆ ಉಳಿಸುವ ದಾರಿ

ಬೇಲಿಗೆ ಮನೆಯ ಕರೆಂಟು ಕೊಡುವುದು ಅತ್ಯಂತ ಅಪಾಯ. ಬೆಳಿಗ್ಗೆ ನೀರು ಕಟ್ಟಲು ಬಂದ ನಿಮ್ಮ ಮಗನೇ ಅದಕ್ಕೆ ಬಲಿಯಾಗಬಹುದು. ಸೌರ ಬೇಲಿಯಲ್ಲಿ ವಿದ್ಯುತ್ತು ಕ್ಷಣಕ್ಷಣಕ್ಕೆ ಮಿಡಿದು ಹರಿಯುವುದರಿಂದ ಪ್ರಾಣಿ ಬೆದರುತ್ತದೆ, ಸಾಯುವುದಿಲ್ಲ. ತಂತಿಗೆ ಹುಲ್ಲು ತಾಗದಂತೆ ಸವರುತ್ತಿರಬೇಕು. ಅಕ್ಕಪಕ್ಕದ ಐದಾರು ರೈತರು ಕೂಡಿ ಒಂದೇ ಬೇಲಿ ಹಾಕಿದರೆ ಖರ್ಚು ಇಳಿಯುತ್ತದೆ. ತೆನೆ ಬರುವ ದಿನಗಳಲ್ಲಿ ಸರದಿಯ ಕಾವಲು, ಅಟ್ಟಣೆ, ತಮಟೆ ಇವು ಇಂದಿಗೂ ಉಪಯುಕ್ತ.

ಬೆಳೆ ಹಾಳಾದರೆ ಸುಮ್ಮನೆ ಕೂರಬೇಡಿ. ಮೇದ ಜಾಗ, ಹೆಜ್ಜೆ ಗುರುತುಗಳ ಫೋಟೋ ತೆಗೆದು, ಪಹಣಿಯೊಡನೆ ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ಅಂದೇ ಅರ್ಜಿ ಕೊಡಿ. ಇ-ಪರಿಹಾರ ವ್ಯವಸ್ಥೆಯಲ್ಲಿ ಅದು ದಾಖಲಾಗುವಂತೆ ನೋಡಿಕೊಳ್ಳಿ. ಸಿಗುವ ಹಣ ಇಡೀ ನಷ್ಟ ತುಂಬದೆನ್ನುವುದು ನಿಜ. ಆದರೂ ಹಂದಿಗೆ ಹೊಡೆಯಲು ಅನುಮತಿ ಕೇಳುವಾಗ ನಿಮ್ಮ ಹಳೆಯ ಅರ್ಜಿಗಳೇ ಸಾಕ್ಷಿ. ಊರಿನವರೆಲ್ಲ ಒಟ್ಟಾಗಿ ಗ್ರಾಮಸಭೆಯಲ್ಲಿ ಠರಾವು ಮಾಡಿ ಕಳುಹಿಸಿದರೆ ಇನ್ನೂ ಬಲ ಬರುತ್ತದೆ.

ಒಂದು ವರ್ಷದ ಬೆಳೆ ಹೋದರೆ ಮುಂದಿನ ಮಳೆಗೆ ಮತ್ತೆ ಬಿತ್ತಬಹುದು. ಜೈಲಿಗೆ ಹೋದ ಯಜಮಾನನ ಮನೆಯಲ್ಲಿ ನೇಗಿಲು ಹಿಡಿಯುವವರು ಯಾರು? ಕೋವಿ ಎತ್ತುವ ಮುಂಚೆ ಅರ್ಜಿ ಬರೆಯಿರಿ.