ಹೊರಗೆ ಕಾಣದ ಹೊಲಿಗೆಗೂ ವಿಶ್ರಾಂತಿ ಬೇಕು

ಹೆರಿಗೆಯಾದ ಹೆಂಗಸಿಗೆ ನಮ್ಮ ಮನೆಗಳಲ್ಲಿ ಬಾಣಂತನ ಸಿಗುತ್ತದೆ. ಹೊಟ್ಟೆ ಕೊಯ್ಸಿಕೊಂಡು ಬಂದವಳಿಗೂ ಒಂದೆರಡು ತಿಂಗಳು ಯಾರೂ ಕೆಲಸ ಹೇಳುವುದಿಲ್ಲ. ಆದರೆ ಗರ್ಭಕೋಶ ಜಾರಿದೆಯೆಂದು ಕೆಳಗಿನಿಂದ, ಅಂದರೆ ಯೋನಿಮಾರ್ಗದ ಮೂಲಕ, ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಐವತ್ತು ದಾಟಿದ ಗೃಹಿಣಿಯ ಕಥೆಯೇ ಬೇರೆ. ಹೊಟ್ಟೆಯ ಮೇಲೆ ಗಾಯವಿಲ್ಲ, ಪಟ್ಟಿಯಿಲ್ಲ. ಕೆಲವೇ ದಿನಗಳಲ್ಲಿ ಮನೆಗೆ ಬಂದು ನಡೆದಾಡುತ್ತಿರುತ್ತಾಳೆ. ನೋಡುವವರಿಗೆ ಏನೂ ಆಗಿಲ್ಲವೆಂದೇ ಅನ್ನಿಸುತ್ತದೆ. ಹದಿನೈದನೆಯ ದಿನಕ್ಕೆ ನೀರಿನ ಬಿಂದಿಗೆ ಮತ್ತೆ ಸೊಂಟಕ್ಕೇರುತ್ತದೆ.

ಆಪರೇಷನ್ ಮಾಡುವವರು ಸ್ತ್ರೀರೋಗ ತಜ್ಞರು. ಆಮೇಲೆ ಜ್ವರ, ಉರಿಮೂತ್ರ, ಮಲಬದ್ಧತೆ ಎಂದು ಬರುವುದು ನನ್ನಂಥ ಸಾಮಾನ್ಯ ವೈದ್ಯರ ಬಳಿಗೆ. 'ಒಳಗೆ ಏನು ಮಾಡಿದ್ದಾರೆ ಡಾಕ್ಟ್ರೇ?' ಎಂದು ಕೇಳುವವರು ಬಹಳ. ಮೊದಲು ಅದನ್ನೇ ನೋಡೋಣ.

ಕಿಬ್ಬೊಟ್ಟೆಯ ತಳದಲ್ಲಿ ಸ್ನಾಯು ಮತ್ತು ತಂತುಗಳಿಂದಾದ ಜೋಳಿಗೆಯಂಥ ಒಂದು ಆಧಾರವಿದೆ. ಮುಂದೆ ಮೂತ್ರಕೋಶ, ನಡುವೆ ಗರ್ಭಕೋಶ, ಹಿಂದೆ ಗುದನಾಳ ಇದರ ಆಸರೆಯಲ್ಲಿವೆ. ಹಲವು ಹೆರಿಗೆಗಳು, ಮುಟ್ಟು ನಿಂತ ನಂತರ ಈಸ್ಟ್ರೊಜೆನ್ ಹಾರ್ಮೋನು ಕಡಿಮೆಯಾಗುವುದು, ವರ್ಷಗಟ್ಟಲೆ ಭಾರ ಹೊರುವುದು, ಬಿಡದ ಕೆಮ್ಮು, ಮಲವಿಸರ್ಜನೆಗೆ ತಿಣುಕುವುದು – ಇವುಗಳಿಂದ ಜೋಳಿಗೆ ಸಡಿಲಗೊಳ್ಳುತ್ತದೆ. ಗರ್ಭಕೋಶ ಕೆಳಗೆ ಜಾರುತ್ತದೆ, ಕೆಲವೊಮ್ಮೆ ಮೂತ್ರಕೋಶವನ್ನೂ ಜೊತೆಗೆ ಎಳೆಯುತ್ತದೆ. ಎಲ್ಲರಿಗೂ ಆಪರೇಷನ್ ಬೇಕಾಗುವುದಿಲ್ಲ. ತೊಂದರೆ ಅಲ್ಪವಾಗಿದ್ದರೆ ವ್ಯಾಯಾಮ ಸಾಕಾಗಬಹುದು. ಒಳಗಿಡುವ ರಿಂಗ್ ಅನೇಕರಿಗೆ ಹೊಂದಿಕೊಳ್ಳುತ್ತದೆ. (ಬರೀ ಬಿಳಿಸೆರಗಿಗೆ ಗರ್ಭಕೋಶ ತೆಗೆಸಿ ಎಂದು ಯಾರಾದರೂ ಹೇಳಿದರೆ ಇನ್ನೊಬ್ಬ ವೈದ್ಯರನ್ನು ಕೇಳದೆ ಒಪ್ಪಬೇಡಿ.)

ಆಪರೇಷನ್ನಿನಲ್ಲಿ ಸಾಮಾನ್ಯವಾಗಿ ಗರ್ಭಕೋಶವನ್ನು ತೆಗೆದು, ಯೋನಿಯ ಮೇಲ್ತುದಿಯನ್ನು ಹೊಲಿದು, ಅದನ್ನು ಗಟ್ಟಿಯಾದ ತಂತುಗಳಿಗೆ ಬಿಗಿಯುತ್ತಾರೆ. ಮುಂದಿನ ಅಥವಾ ಹಿಂದಿನ ಗೋಡೆ ಜೋತುಬಿದ್ದಿದ್ದರೆ ಅದನ್ನೂ ಮಡಿಚಿ ಹೊಲಿಯುತ್ತಾರೆ. ಬಳಸುವ ದಾರ ಹೆಚ್ಚಾಗಿ ತಾನಾಗಿಯೇ ಕರಗುವಂಥದು. ಮನೆಯವರು ತಿಳಿಯಬೇಕಾದ ಮುಖ್ಯ ವಿಷಯ ಇಲ್ಲೇ ಇದೆ. ಈ ದಾರ ಹಿಡಿದಿಡುವುದು ಕೆಲವು ವಾರಗಳು ಮಾತ್ರ. ಆನಂತರ ಹಿಡಿದಿಡಬೇಕಾದ್ದು ಅಲ್ಲಿ ಹೊಸದಾಗಿ ಬೆಳೆಯುವ ಅಂಗಾಂಶ. ಅದು ಬಲಗೊಳ್ಳಲು ಸುಮಾರು ಮೂರು ತಿಂಗಳು ಬೇಕು. ನೋವು ಹೋಯಿತೆಂದರೆ ಗಾಯ ಗಟ್ಟಿಯಾಯಿತೆಂದಲ್ಲ.

ಹಾಗಾಗಿ ಮೊದಲ ಆರು ವಾರ ಭಾರ ಎತ್ತಬೇಡಿ ಎನ್ನುತ್ತೇವೆ. ಭಾರವೆಂದರೆ ಎಷ್ಟು? ನೀರಿನ ತೂಕ ಲೀಟರಿಗೆ ಒಂದು ಕಿಲೋ. ಹನ್ನೆರಡು ಲೀಟರಿನ ಕೊಡ ತುಂಬಿದರೆ ಹನ್ನೆರಡು ಕಿಲೋ, ಕೊಡದ ತೂಕ ಬೇರೆ. ತುಂಬಿದ ಗ್ಯಾಸ್ ಸಿಲಿಂಡರು ಸುಮಾರು ಮೂವತ್ತು ಕಿಲೋ. ಒದ್ದೆ ಬಟ್ಟೆಯ ಬಕೆಟ್ಟು, ಹಿಟ್ಟು ತುಂಬಿದ ದೊಡ್ಡ ಪಾತ್ರೆ, ತೊಡೆಯೇರಲು ಅಳುವ ಮೊಮ್ಮಗು ಎಲ್ಲವೂ ಭಾರವೇ. ಮೊಮ್ಮಗುವನ್ನು ಕೂತಾಗ ಬೇರೆಯವರು ತಂದು ಮಡಿಲಿಗೆ ಕೊಡಲಿ.

ಇಲ್ಲೊಂದು ಮಾತು. 2023ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಜಾರುವಿಕೆಯ ಶಸ್ತ್ರಚಿಕಿತ್ಸೆಯ ನಂತರ ತಮ್ಮ ಇಚ್ಛೆಯಂತೆ ಬೇಗ ಚಟುವಟಿಕೆಗೆ ಮರಳಿದವರಿಗೂ ನಿರ್ಬಂಧ ಪಾಲಿಸಿದವರಿಗೂ ಮೂರು ತಿಂಗಳ ಹೊತ್ತಿಗೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಹೆದರಿ ಹಾಸಿಗೆ ಹಿಡಿಯಬೇಕಿಲ್ಲ ಎಂಬ ಮಟ್ಟಿಗೆ ಇದು ಒಳ್ಳೆಯ ಸುದ್ದಿ. ನಡೆದಾಟವನ್ನಂತೂ ಮರುದಿನದಿಂದಲೇ ಆರಂಭಿಸಬೇಕು, ಇಲ್ಲವಾದರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವಿದೆ. ಆದರೆ ಆ ಹೆಂಗಸರು ಎಷ್ಟು ಎತ್ತಬೇಕೆಂಬುದನ್ನು ತಾವೇ ತೀರ್ಮಾನಿಸಿದ್ದರು. ನಮ್ಮಲ್ಲಿ ನಲ್ಲಿ ಬಂದ ಹೊತ್ತಿಗೆ ಆ ತೀರ್ಮಾನ ಎಷ್ಟು ಮಂದಿಯ ಕೈಯಲ್ಲಿರುತ್ತದೆ? ಆದ್ದರಿಂದ ನಾನು ಹಳೆಯ ಸಲಹೆಯನ್ನೇ ಹೇಳುತ್ತಿದ್ದೇನೆ. ನಿಮ್ಮ ಶಸ್ತ್ರವೈದ್ಯರು ಬೇರೆ ಹೇಳಿದ್ದರೆ ಅವರ ಮಾತು ನಡೆಯಲಿ.

ಬಿಂದಿಗೆಯಷ್ಟೇ ಕೆಟ್ಟದ್ದು ಮಲಬದ್ಧತೆ. ತಿಣುಕಿದಾಗ ಒತ್ತಡವೆಲ್ಲ ನೇರವಾಗಿ ಹೊಲಿಗೆಯ ಮೇಲೆ ಬೀಳುತ್ತದೆ. ಆದರೆ ಆಪರೇಷನ್ ಆದವರ ಪಥ್ಯ ಹೇಗಿರುತ್ತದೆ ನೋಡಿ: ಸೊಪ್ಪು ನಂಜು, ಬದನೆಕಾಯಿ ನಂಜು, ಬೇಳೆ ತಿಂದರೆ ಕೀವು, ನೀರು ಹೆಚ್ಚು ಕುಡಿದರೆ ಗಾಯ ಮಾಗದು. ಉಳಿಯುವುದು ಗಂಜಿ, ಸಾರು, ಬ್ರೆಡ್ಡು. ಮೂರನೆಯ ದಿನಕ್ಕೆ ಮಲ ಕಲ್ಲಾಗಿರುತ್ತದೆ. ಗಾಯ ಮಾಗಲು ಬೇಕಾದದ್ದೇ ಪ್ರೋಟೀನು. ಬೇಳೆ, ಮೊಳಕೆ ಕಾಳು, ಮೊಟ್ಟೆ, ಹಾಲು ಧಾರಾಳವಾಗಿ ಕೊಡಿ. ಸೊಪ್ಪು, ಪರಂಗಿ ಹಣ್ಣು, ಸಾಕಷ್ಟು ನೀರು ಇರಲಿ. ಹೃದಯ ಅಥವಾ ಮೂತ್ರಪಿಂಡದ ಕಾಯಿಲೆಯವರು ಮಾತ್ರ ನೀರಿನ ಅಳತೆ ಕೇಳಿಕೊಳ್ಳಬೇಕು. ಬೇಕಾದರೆ ಮಲ ಮೆದುವಾಗಿಸುವ ಔಷಧಿಯನ್ನು ಕೆಲವು ವಾರ ತೆಗೆದುಕೊಳ್ಳಲು ಸಂಕೋಚ ಬೇಡ. ಕುಕ್ಕರಗಾಲಿನಲ್ಲಿ ಬಹಳ ಹೊತ್ತು ಕೂತು ತಿಣುಕಬಾರದು. ಕಮೋಡ್ ಇದ್ದರೆ ಕಾಲಡಿಗೆ ಒಂದು ಗಿಡ್ಡ ಮಣೆ ಇಟ್ಟುಕೊಳ್ಳಿ. ಕೆಮ್ಮಿದ್ದರೆ ಅದಕ್ಕೂ ಆಗಲೇ ಔಷಧ ಮಾಡಿ.

ನಾಲ್ಕರಿಂದ ಆರು ವಾರ ಸ್ವಲ್ಪ ಕಂದು ಅಥವಾ ಹಳದಿ ಬಣ್ಣದ ಸ್ರಾವ ಸಹಜ. ದಾರದ ತುಣುಕುಗಳು ಬಟ್ಟೆಯಲ್ಲಿ ಕಂಡರೆ ಹೊಲಿಗೆ ಬಿಚ್ಚಿತೆಂದು ಗಾಬರಿಯಾಗಬೇಡಿ, ಕರಗುವ ದಾರ ಹೀಗೆಯೇ ಉದುರುತ್ತದೆ. ಪ್ಯಾಡ್ ಬಳಸಿ, ಒಳಗೆ ಏನನ್ನೂ ಇಡಬೇಡಿ. ಡೆಟ್ಟಾಲ್ ನೀರಿನಲ್ಲಿ ಒಳಗೆ ತೊಳೆಯುವ ಅಭ್ಯಾಸ ಖಂಡಿತ ಬೇಡ. ನಳಿಕೆ ತೆಗೆದ ಮೇಲೆ ಕೆಲವರಿಗೆ ಮೂತ್ರ ಸಲೀಸಾಗಿ ಬರುವುದಿಲ್ಲ. ಇನ್ನೂ ಕೆಲವು ದಿನ ನಳಿಕೆ ಹಾಕಬೇಕಾಗಬಹುದು, ಸಾಮಾನ್ಯವಾಗಿ ಸರಿಹೋಗುತ್ತದೆ.

ಆದರೆ ಒಂದು ಗಂಟೆಯಲ್ಲಿ ಪ್ಯಾಡ್ ತೊಯ್ಯುವಷ್ಟು ಕೆಂಪು ರಕ್ತ, ದುರ್ವಾಸನೆಯ ಸ್ರಾವ, 100.4 ಡಿಗ್ರಿ ಫ್ಯಾರನ್‌ಹೀಟ್ ಮೀರಿದ ಜ್ವರ, ಮೂತ್ರ ಕಟ್ಟಿಕೊಳ್ಳುವುದು ಅಥವಾ ಸದಾ ತೊಟ್ಟಿಕ್ಕುವುದು, ಹೊಟ್ಟೆಯಲ್ಲಿ ಹೆಚ್ಚುವ ನೋವು – ಇವು ಕಂಡರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೋಗಿ. ಒಂದೇ ಕಾಲಿನ ಮೀನಖಂಡ ಊದಿ ನೋಯುವುದು, ಇದ್ದಕ್ಕಿದ್ದಂತೆ ಉಸಿರು ಕಟ್ಟುವುದು ಕೂಡ ಅಷ್ಟೇ ತುರ್ತು.

ಗಂಡಸರಿಗೊಂದು ಮಾತು. ಆರು ವಾರ ಕಳೆದು, ವೈದ್ಯರು ಪರೀಕ್ಷಿಸಿ ಒಪ್ಪುವವರೆಗೆ ಲೈಂಗಿಕ ಸಂಪರ್ಕ ಬೇಡ. ಇದನ್ನು ಹೆಂಡತಿಯ ಬಾಯಿಂದ ಹೇಳಿಸದೆ ನೀವೇ ವೈದ್ಯರನ್ನು ಕೇಳಿ ತಿಳಿದುಕೊಳ್ಳಿ. ಗರ್ಭಕೋಶ ಹೋದರೆ ಹೆಣ್ತನ ಹೋಗುವುದಿಲ್ಲ, ದಾಂಪತ್ಯವೂ ಮುಗಿಯುವುದಿಲ್ಲ. ಒಳಗೆ ಒಣಗಿದಂತಾಗಿ ನೋವಾದರೆ ಅದಕ್ಕೆ ಜೆಲ್ ಇದೆ, ಮುಟ್ಟು ನಿಂತವರಿಗೆ ಹಚ್ಚುವ ಹಾರ್ಮೋನ್ ಮುಲಾಮೂ ಇದೆ. ಕೆಲವರು ಈ ದಿನಗಳಲ್ಲಿ ಕಾರಣವಿಲ್ಲದೆ ಅಳುತ್ತಾರೆ. 'ವಯಸ್ಸಾಯಿತು, ಇನ್ನೇಕೆ ಬೇಕಿತ್ತು ಗರ್ಭಕೋಶ' ಎಂಬ ಸಮಾಧಾನ ಅವರಿಗೆ ಸಮಾಧಾನವಲ್ಲ.

ಗಾಯ ಮಾಗಿದ ಮೇಲೆ ವೈದ್ಯರನ್ನು ಕೇಳಿ ತಳಸ್ನಾಯುಗಳ ವ್ಯಾಯಾಮ ಆರಂಭಿಸಬಹುದು. ಅಮೆರಿಕದ ಸ್ತ್ರೀರೋಗ ತಜ್ಞ ಆರ್ನಾಲ್ಡ್ ಕೆಗೆಲ್ 1948ರಲ್ಲಿ ಬರೆದು ಪ್ರಚಾರಕ್ಕೆ ತಂದದ್ದು ಇದು. ಮೂತ್ರ ತಡೆಯುವಾಗ ಬಿಗಿಯುವ ಸ್ನಾಯುವನ್ನು ಐದಾರು ಸೆಕೆಂಡು ಬಿಗಿಹಿಡಿದು ಬಿಡುವುದು, ಒಮ್ಮೆಗೆ ಹತ್ತು ಸಲ, ದಿನಕ್ಕೆ ಮೂರು ಬಾರಿ. ಮೂತ್ರ ಮಾಡುತ್ತಿರುವಾಗ ಮಾತ್ರ ಇದನ್ನು ಮಾಡಬಾರದು.

ಬಿಡುಗಡೆಯ ಚೀಟಿಯಲ್ಲಿ ಅಂಡಾಶಯ ತೆಗೆದಿದ್ದಾರೆಯೇ, ಉಳಿಸಿದ್ದಾರೆಯೇ ಎಂಬುದನ್ನು ಓದಿಸಿಕೊಳ್ಳಿ. ಮುಟ್ಟು ನಿಲ್ಲುವ ಮೊದಲೇ ಎರಡನ್ನೂ ತೆಗೆದಿದ್ದರೆ ಮೈ ಬಿಸಿಯೇರುವುದು, ಮೂಳೆ ಸವೆಯುವುದು ಬೇಗ ಶುರುವಾಗುತ್ತದೆ, ಅದಕ್ಕೆ ಬೇರೆಯೇ ಚಿಕಿತ್ಸೆ ಬೇಕಾಗಬಹುದು. ತೆಗೆದ ಗರ್ಭಕೋಶವನ್ನು ಪರೀಕ್ಷೆಗೆ ಕಳಿಸಿರುತ್ತಾರೆ. ಬಯಾಪ್ಸಿ ವರದಿ ಬರುವ ಹೊತ್ತಿಗೆ ರೋಗಿ ಮನೆಗೆ ಹೋಗಿರುತ್ತಾಳೆ, ವರದಿ ಲ್ಯಾಬಿನಲ್ಲೇ ಉಳಿಯುತ್ತದೆ. ಆರನೆಯ ವಾರದ ತಪಾಸಣೆಗೆ ಹೋಗುವಾಗ ಅದನ್ನು ಕೇಳಿ ಪಡೆದು, ಸ್ತ್ರೀರೋಗ ತಜ್ಞರಿಗೆ ತೋರಿಸಿ, ಚೀಟಿಯ ಜೊತೆಯಲ್ಲಿ ಜೋಪಾನವಾಗಿಡಿ.